ಎಬೆಯ ಕಡೆ

ಬರ್ಬಾರಾಳ ಮನೆಯ ಬಾಗಿಲು ಫೆಬ್ರುವರಿಯ ಆ ಬೆಳಿಗ್ಗೆ ಸರಿಯಾಗಿ ಮುಚ್ಚಿಕೊಳ್ಳಲಿಲ್ಲ. ಹಿಂದಿನ ಸಂಜೆ ನಾನೇ ಅದನ್ನು ಮುಚ್ಚಿದ್ದೆ, ಏನೂ ತೊಂದರೆ ಇರಲಿಲ್ಲ. ಈಗ ಅವಳ ಮಗ ಮೀತೆರೆ ಎರಡು ಸಲ ಭುಜ ಕೊಟ್ಟು ತಳ್ಳಬೇಕಾಯಿತು.

"ಚಳಿಗೆ ಮರ ಉಬ್ಬಿದೆ," ಎಂದ.

"ಚಳಿಗೆ ಮರ ಉಬ್ಬಲ್ಲ," ಎಂದು ನಾನು ಮೊಣಕಾಲೂರಿ ಹೊಸ್ತಿಲ ಮೇಲೆ ಅಂಗೈ ಇಟ್ಟು ನೋಡಿದೆ. ನಡುವೆ ಒಂದು ಬೆರಳಿನಷ್ಟು ಮೇಲೆದ್ದಿತ್ತು. ಎದ್ದಿದ್ದು ಹೊಸ್ತಿಲಲ್ಲ, ಅದರ ಕೆಳಗಿನ ನೆಲ.

"ಇವತ್ತು ಹೊಸ್ತಿಲಿಗೂ ಜ್ವರ ಬಂತಾ?" ಒಲೆಯ ಪಕ್ಕದಿಂದ ಬರ್ಬಾರಾ ಕೇಳಿದಳು. "ಮೊದಲು ಬಾಗಿಲು ಹಾಕು. ಮನೇಲಿ ಮಗು ಇದೆ."

ನೆಲದ ಜ್ವರ ನೋಡುವವಳು ಎಂಬುದು ಆ ಹಳ್ಳಿಯವರು ನನಗಿಟ್ಟಿದ್ದ ಹೆಸರು. ನಾನು ಯಾಕುತ್ಸ್ಕ್ ನಗರದ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದೆ. ಹೆಪ್ಪುಗಟ್ಟಿದ ನೆಲದಡಿ ಹರಿಯುವ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವುದು ನನ್ನ ಕೆಲಸ. ಕೊರೆದ ತೂತುಗಳಲ್ಲಿ ದಾರ ಕಟ್ಟಿದ ಉಷ್ಣಮಾಪಕಗಳನ್ನು ಇಳಿಬಿಟ್ಟು, ಗಂಟೆಗಟ್ಟಲೆ ಕಾದು, ಮೇಲೆಳೆದು ಬರೆದುಕೊಳ್ಳುತ್ತಿದ್ದೆ. ಅವು ನಿಧಾನಕ್ಕೆ ಬಿಸಿಯಾಗಿ ನಿಧಾನಕ್ಕೆ ತಣಿಯುವಂತೆ ಮೇಣ ಬಳಿದ ಉಷ್ಣಮಾಪಕಗಳು. ನಾವು ಅವನ್ನು ಸೋಮಾರಿಗಳು ಎನ್ನುತ್ತಿದ್ದೆವು. ನಾಲ್ಕು ವರ್ಷದಿಂದ ಈ ಹಳ್ಳಿಗೆ ಬಂದಾಗಲೆಲ್ಲ ಬರ್ಬಾರಾಳ ಮನೆಯಲ್ಲೇ ಉಳಿಯುತ್ತಿದ್ದೆ. ಆಗ ನನಗೆ ನಲವತ್ತೊಂದು.

ನಮ್ಮ ಕಡೆ ನೆಲ ಮುನ್ನೂರು ಮೀಟರ್ ಆಳದವರೆಗೆ ಹೆಪ್ಪುಗಟ್ಟಿದೆ. ಬೇಸಿಗೆಯಲ್ಲಿ ಮೇಲಿನ ಎರಡು ಮೀಟರ್ ಮಾತ್ರ ಕರಗುತ್ತದೆ, ಚಳಿಗಾಲದಲ್ಲಿ ಅದೂ ಮೇಲಿನಿಂದ ಮತ್ತೆ ಹೆಪ್ಪುಗಟ್ಟುತ್ತಾ ಇಳಿಯುತ್ತದೆ. ಹಳ್ಳಿಯ ಹಿಂದಿನ ಗುಡ್ಡದ ಬುಡದಲ್ಲಿ, ಆ ಮುನ್ನೂರು ಮೀಟರನ್ನೂ ಸೀಳಿಕೊಂಡು ಒಂದು ಸೆಲೆ ವರ್ಷವಿಡೀ ಏರಿ ಬರುತ್ತದೆ. ಅದರ ನೀರು ಮೇಲಿನ ಹೆಪ್ಪಿಗೂ ಕೆಳಗಿನ ಹೆಪ್ಪಿಗೂ ನಡುವಿನ ಸಂದಿನಲ್ಲಿ ಹರಿದುಹೋಗುತ್ತದೆ. ಫೆಬ್ರುವರಿಯ ಹೊತ್ತಿಗೆ ಆ ಸಂದು ಅಂಗೈ ಅಗಲಕ್ಕೆ ಬಂದಿರುತ್ತದೆ. ನೀರು ಹಿಂದಕ್ಕೆ ಹೋಗುವಂತಿಲ್ಲ. ಮೇಲಿನ ಹೆಪ್ಪು ಎಲ್ಲಿ ತೆಳ್ಳಗಿದೆಯೋ ಅಲ್ಲಿ ಒಡೆದುಕೊಂಡು ಬರುತ್ತದೆ. ಒಲೆ ಉರಿಯುವ ಮನೆಯಡಿಯಲ್ಲಿ ಹೆಪ್ಪೇ ಇರುವುದಿಲ್ಲ.

ನೆಲಹಾಸಿನ ಒಂದು ಹಲಗೆ ಎತ್ತಿ, ಸೋಮಾರಿಯನ್ನು ಮಣ್ಣಿಗೆ ಚುಚ್ಚಿ ಕಾದೆ. ಮಣ್ಣು ಮೆತ್ತಗಿತ್ತು. ಕಿವಿ ಹತ್ತಿರ ತಂದಾಗ, ತುಂಬಿದ ಚರ್ಮದ ಚೀಲವನ್ನು ಯಾರೋ ಮೆಲ್ಲಗೆ ಒತ್ತುತ್ತಿರುವಂಥ ಸದ್ದು.

"ಏನಂತೆ?" ಮೀತೆರೆ ಕೇಳಿದ.

"ಒಲೆ ಆರಿಸಬೇಕು," ಎಂದೆ. "ಬಾಗಿಲು, ಕಿಟಕಿ ಎಲ್ಲ ತೆಗೆದಿಡಬೇಕು. ಒಂದು ಹಗಲು ಒಂದು ರಾತ್ರಿ ಈ ಚಳಿ ಒಳಗೆ ಬಂದ್ರೆ ನೆಲ ಹೆಪ್ಪುಗಟ್ಟತ್ತೆ. ನೀರು ಬೇರೆ ಕಡೆ ಹೋಗತ್ತೆ. ಇಲ್ಲಾಂದ್ರೆ ಮನೆ ಒಳಗೇ ಬರತ್ತೆ."

ಒಲೆಯ ಪಕ್ಕದ ಮಂಚದಲ್ಲಿ ಒಗ್ದೊ ಮಲಗಿದ್ದಳು. ಮೀತೆರೆಯ ಹೆಂಡತಿ, ಇಪ್ಪತ್ತಮೂರರ ಹುಡುಗಿ. ಎರಡು ದಿನದ ಹಿಂದೆ, ಮಧ್ಯಾಹ್ನ, ಒಂದು ತಿಂಗಳು ಮುಂಚೆಯೇ ಹೆತ್ತಿದ್ದಳು. ಮಂಜು ಕವಿದು ಜಿಲ್ಲಾ ಆಸ್ಪತ್ರೆಯ ಗಾಡಿ ಬಂದಿರಲಿಲ್ಲ. ಹಳ್ಳಿಯ ನರ್ಸು ಲುಕೇರಿಯಾ ರಕ್ತದ ಬಟ್ಟೆಗಳನ್ನು ನನ್ನ ಕೈಗೆ ಕೊಡುತ್ತಾ, "ನೀವು ಗಟ್ಟಿ ಅಲ್ವಾ ಅಕುಲಿನಾ, ಹಿಡ್ಕೊಳ್ಳಿ," ಎಂದಿದ್ದಳು. ಮಗು ಮೊಲದ ಚರ್ಮದೊಳಗೆ, ಒಗ್ದೊಳ ಎದೆಯ ಮೇಲೆ, ಎರಡು ಮುಷ್ಟಿಯಷ್ಟೇ ಇತ್ತು. ಹೊರಗೆ ಸೊನ್ನೆಗಿಂತ ಐವತ್ತಮೂರು ಡಿಗ್ರಿ ಕೆಳಗೆ.

"ನಾಳೆ ಮಧ್ಯಾಹ್ನದವರೆಗೆ ಆಗಲ್ಲ," ಎಂದಳು ಬರ್ಬಾರಾ.

ಅದು ನನಗೂ ಗೊತ್ತಿತ್ತು. ಹೆರಿಗೆಯಾದ ಮನೆಯಲ್ಲಿ, ಮಕ್ಕಳನ್ನು ಕೊಡುವ ದೇವತೆ ಅಯೀಸಿತ್ ತಾಯಿ ಮೂರು ದಿನ ಇರುತ್ತಾಳೆ, ಬಾಣಂತಿಯ ತಲೆದೆಸೆಯಲ್ಲಿ. ಮೂರನೆಯ ದಿನ ಹೆಂಗಸರು ಸೇರಿ ಅವಳನ್ನು ನಗುನಗುತ್ತಾ ಕಳಿಸಿಕೊಡಬೇಕು. ಅಲ್ಲಿಯವರೆಗೆ ಬೆಂಕಿ ಆರಬಾರದು, ಮನೆಯಿಂದ ಒಂದು ಕಡ್ಡಿಯೂ ಹೊರಗೆ ಹೋಗಬಾರದು. ಇದನ್ನೆಲ್ಲ ಮೂಢನಂಬಿಕೆ ಎನ್ನುವ ಶಾಲೆಯ ಮೇಷ್ಟರ ಮುಂದೆ ಯಾರೂ ಈ ಮಾತಾಡುವುದಿಲ್ಲ. ಮೇಷ್ಟರ ಹೆಂಡತಿಯೂ ನಗಲು ಬರುತ್ತಾಳೆ.

ಲುಕೇರಿಯಾಳನ್ನು ಕರೆಸಿದೆವು. ಅವಳಾದರೂ ನನ್ನ ಕಡೆ ಮಾತಾಡಬಹುದು ಎಂದುಕೊಂಡಿದ್ದೆ. ಅವಳು ಒಗ್ದೊಳ ಹೊಟ್ಟೆ ಒತ್ತಿ ನೋಡಿ, ಮಗುವಿನ ಪಾದ ಮುಟ್ಟಿ, ಕೈ ಒರೆಸಿಕೊಂಡಳು.

"ನನ್ನ ಮನೆ ಇಲ್ಲಿಂದ ನಾನೂರು ಹೆಜ್ಜೆ. ಇವತ್ತು ಎತ್ತಿಕೊಂಡು ಹೋದ್ರೆ ಇವಳಿಗೆ ಮತ್ತೆ ರಕ್ತ ಹೋಗತ್ತೆ. ಮಗು ಈ ಗಾಳಿ ಎಳ್ಕೊಂಡ್ರೆ ಉಳಿಯಲ್ಲ. ನಾಳೆ ಇವಳು ಸ್ವಲ್ಪ ಸುಧಾರಿಸಿಕೊಂಡ್ರೆ ನೋಡೋಣ. ನೀರು ಯಾವಾಗ ಬರತ್ತೆ?"

"ಗೊತ್ತಿಲ್ಲ. ಇವತ್ತು ಬರಬಹುದು. ಮುಂದಿನ ವಾರ ಬರಬಹುದು."

"ಬರದೇನೂ ಇರಬಹುದಾ?"

"ಇರಬಹುದು."

"ಹಾಗಾದ್ರೆ ನಿನ್ನ ಓದು ಯಾತಕ್ಕೆ?" ಎಂದಳು ಬರ್ಬಾರಾ, ಸಿಟ್ಟಿಲ್ಲದೆ. ಚಹಾಕ್ಕೆ ಹಾಲು ಹಾಕುತ್ತಿದ್ದಳು. "ಹವಾಮಾನದವರೂ ಹೀಗೇ ಹೇಳ್ತಾರೆ. ಅವರಿಗಾದ್ರೂ ಒಂದು ರೇಡಿಯೋ ಇದೆ."

ಮೀತೆರೆ ನಕ್ಕ, ನಾನೂ ನಕ್ಕೆ. ಒಗ್ದೊ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ಎಜೀ," ಎಂದಳು. ನಮ್ಮಲ್ಲಿ ದೊಡ್ಡವಳನ್ನು ಅಕ್ಕ ಎನ್ನುವುದು ಹಾಗೆ. "ಹೋದ ವರ್ಷ ಬರಲಿಲ್ಲ. ಅದಕ್ಕೆ ಹಿಂದಿನ ವರ್ಷನೂ ಬರಲಿಲ್ಲ. ಈ ಸಲ ಯಾಕೆ?"

ಅದೇ ಪ್ರಶ್ನೆ ಬೆಳಿಗ್ಗೆಯಿಂದ ನನ್ನೊಳಗೂ ಇತ್ತು.

ಹಿಂದಿನ ವರ್ಷಗಳಲ್ಲಿ ನೀರು ಹಳ್ಳಿಯ ಪೂರ್ವಕ್ಕಿರುವ ರಸ್ತೆಯ ಮೇಲೆ ಒಡೆದು, ಲಾರಿಗಳು ಜಾರುವಷ್ಟು ಮಂಜುಗಡ್ಡೆ ಕಟ್ಟುತ್ತಿತ್ತು. ಅದನ್ನು ತಡೆಯಲು ನನ್ನನ್ನು ಕೇಳಿದ್ದರು. ಉಪಾಯ ಹಳೆಯದು: ರಸ್ತೆಗಿಂತ ಮೇಲೆ, ನೀರು ಬರುವ ದಾರಿಗೆ ಅಡ್ಡವಾಗಿ ಉದ್ದಕ್ಕೆ ಒಂದು ಪಟ್ಟಿಯಷ್ಟು ನೆಲದ ಪಾಚಿ ಕೆರೆದು, ಬಿದ್ದ ಹಿಮವನ್ನೆಲ್ಲ ಗುಡಿಸುತ್ತಿರಬೇಕು. ಹೊದಿಕೆಯಿಲ್ಲದ ಆ ನೆಲ ಬೇಗ, ಆಳಕ್ಕೆ ಹೆಪ್ಪುಗಟ್ಟಿ, ಅಡಿಯಲ್ಲಿ ಗೋಡೆಯಾಗುತ್ತದೆ. ನೀರು ಅಲ್ಲೇ ನಿಂತು, ಅಲ್ಲೇ ಮೇಲೆ ಬಂದು, ಯಾರಿಗೂ ತೊಂದರೆಯಿಲ್ಲದ ಕಡೆ ಮಂಜುಗಡ್ಡೆಯಾಗುತ್ತದೆ. ಆದರೆ ಗೋಡೆ ಎಲ್ಲಿ ಕಟ್ಟಬೇಕೆಂದು ತಿಳಿಯಲು ನೀರು ಎತ್ತ ಹರಿಯುತ್ತದೆಂದು ಗೊತ್ತಿರಬೇಕು. ಆಗಸ್ಟ್‌ನಲ್ಲಿ ಹನ್ನೆರಡು ತೂತು ಕೊರೆಯಬೇಕಿತ್ತು. ಐದನೆಯದರಲ್ಲಿ ಕೊರಕದ ಹಲ್ಲು ಮುರಿಯಿತು. ಹೊಸದು ಬರುವಷ್ಟರಲ್ಲಿ ಚಳಿ ಬರುತ್ತಿತ್ತು. ಹುಲ್ಲು ಒಟ್ಟುತ್ತಿದ್ದ ಬರ್ಬಾರಾಳನ್ನು ಕೇಳಿದ್ದೆ: ಸೆಲೆಯ ನೀರು ನೆಲದಡಿ ಎತ್ತ ಹೋಗುತ್ತದೆ?

"ಎಬೆಯ ಕಡೆ," ಎಂದಿದ್ದಳು.

ಎಬೆ ಎಂದರೆ ಅಜ್ಜಿ. ದೊಡ್ಡ ನೀರನ್ನು ನಾವು ಹೆಸರು ಹಿಡಿದು ಕರೆಯುವುದಿಲ್ಲ, ಅಜ್ಜಿ ಎನ್ನುತ್ತೇವೆ. ನಾನು ಲೆನಾ ನದಿಯ ದಂಡೆಯವಳು. ನನ್ನ ಅಮ್ಮ ನದಿಗೆ ಬೆಣ್ಣೆ ಹಾಕುವಾಗ "ಎಬೆ, ತಗೋ" ಎನ್ನುತ್ತಿದ್ದಳು. ನದಿ ಈ ಹಳ್ಳಿಯ ಪೂರ್ವಕ್ಕಿದೆ, ಎಂಟು ಕಿಲೋಮೀಟರ್. ನನ್ನ ಐದು ತೂತುಗಳಲ್ಲಿ ಎರಡು ಪೂರ್ವವನ್ನೇ ತೋರಿಸಿದ್ದವು. ಪೂರ್ವಕ್ಕೆ ಅಡ್ಡವಾಗಿ ಗೆರೆ ಎಳೆದೆ. ಅಕ್ಟೋಬರ್‌ನಿಂದ ಹಳ್ಳಿಯವರು ಆ ಗೆರೆಯುದ್ದಕ್ಕೂ ಹಿಮ ಗುಡಿಸಿದರು. ಈ ವರ್ಷ ರಸ್ತೆ ಒಣಗಿತ್ತು. ಎಲ್ಲರೂ ನನ್ನನ್ನು ಹೊಗಳಿದ್ದರು.

ಮೀತೆರೆ ನಾಲ್ಕು ಜನರನ್ನು ಕರೆತಂದ. ಮನೆಗಿಂತ ಮೇಲೆ, ಇಳಿಜಾರಿನಲ್ಲಿ ಒಂದು ತೂತು ಮಾಡಿ ನೀರನ್ನು ಅಲ್ಲೇ ಬಿಟ್ಟುಬಿಡಬಹುದೇ ಎಂದು ನೋಡೋಣ ಎಂದಿದ್ದೆ. ಸೌದೆ ಒಟ್ಟಿ ಉರಿಸಿದರು, ಹಾರೆಯಿಂದ ಕುಟ್ಟಿದರು, ಮತ್ತೆ ಉರಿಸಿದರು. ಹಾರೆ ಕಲ್ಲಿಗೆ ಬಡಿದಂತೆ ಸದ್ದು ಮಾಡಿತು. ಮಧ್ಯಾಹ್ನ ಒಂದೂವರೆಗೆ, ಒಂದು ಮೀಟರ್ ಎಪ್ಪತ್ತರ ಆಳದಲ್ಲಿ, ತೂತಿನಿಂದ ನೀರು ಮೊಣಕಾಲೆತ್ತರ ಚಿಮ್ಮಿತು. ಗಂಡಸರು ಹಿಂದಕ್ಕೆ ಜಿಗಿದರು.

"ಬಂದಳು ನೋಡಿ!" ಎಂದ ಒಬ್ಬ. "ಅಕುಲಿನಾ ಎಜೀ, ನಿಮಗೆ ಈ ಸಲ ಒಂದು ಪದಕ ಗ್ಯಾರಂಟಿ."

ಬಿಸಿನೀರಿನಂತೆ ಹಬೆಯಾಡುತ್ತಿತ್ತು. ನಾನು ಗಡಿಯಾರ ನೋಡಿ ಬರೆದುಕೊಂಡೆ. ಹೊಸ್ತಿಲು ಇಳಿದಿದೆಯೇ ನೋಡಲು ಮೀತೆರೆ ಓಡಿದ. ಇಳಿದಿರಲಿಲ್ಲ, ಆದರೆ ಏರಿಯೂ ಇರಲಿಲ್ಲ. ನಲವತ್ತು ನಿಮಿಷದಲ್ಲಿ ಚಿಮ್ಮುವುದು ಪಾದದೆತ್ತರಕ್ಕೆ ಬಂತು. ತೂತಿನ ಅಂಚಿಗೆ ಮಂಜು ಕಟ್ಟುತ್ತಿದ್ದಂತೆ ಅವರು ಒಡೆಯುತ್ತಿದ್ದರು, ಒಡೆದಷ್ಟೂ ಕಟ್ಟುತ್ತಿತ್ತು. ಎರಡೂವರೆಗೆ ಅಲ್ಲಿ ಗಾಜಿನ ಗುಳ್ಳೆಯಂಥ ಒಂದು ದಿಬ್ಬ ಮಾತ್ರ ಇತ್ತು. ಮೀತೆರೆ ಅದರ ಮೇಲೆ ಹಾರೆ ಒರಗಿಸಿ, ಹುಬ್ಬಿನ ಹಿಮ ಕೆರೆದುಕೊಂಡ. "ಹೋಗಿ ಚಹಾ ಕುಡಿಯೋಣ," ಎಂದ. ನನ್ನ ಮುಖ ನೋಡಲಿಲ್ಲ.

ಒಳಗೆ ಬರ್ಬಾರಾ ಪಶ್ಚಿಮದ ಕಿಟಕಿಯ ಹತ್ತಿರ ನಿಂತಿದ್ದಳು. ಮನೆಯ ಆ ಕಡೆಗೆ ನೂರು ಹೆಜ್ಜೆ ದೂರದಲ್ಲಿ ಕೆರೆ. ಅವರು ಕುಡಿಯುವ ನೀರಿಗೆ ಮಂಜುಗಡ್ಡೆ ಕೊಯ್ಯುವುದು, ಮೀನು ಹಿಡಿಯುವುದು ಎಲ್ಲ ಅಲ್ಲೇ.

"ಎಬೆ ಇವತ್ತು ತುಂಬ ನರಳ್ತಿದ್ದಾಳೆ," ಎಂದಳು. "ಬೆಳಿಗ್ಗೆಯಿಂದ."

"ಎಂಟು ಕಿಲೋಮೀಟರ್ ದೂರದ ನದಿ ನಿಮಗೆ ಹೇಗೆ ಕೇಳತ್ತೆ?"

"ಯಾವ ನದಿ?" ಅವಳು ತಿರುಗಿ ನೋಡಿದಳು. "ನಾನು ಎಬೆ ಅಂದೆ. ನಮ್ಮ ಎಬೆ. ಕಿವಿಕೊಟ್ಟು ಕೇಳು."

ಕಿಟಕಿಯ ಗಾಜಿಗೆ ಕಟ್ಟಿದ ಮಂಜಿನಾಚೆಯಿಂದ ಕೆರೆಯ ಗಡ್ಡೆ ಬಿರಿಯುವ ಉದ್ದನೆಯ ಸದ್ದು ಬಂತು. ನಾನು ಕಿಟಕಿಯ ಚೌಕಟ್ಟು ಹಿಡಿದು ನಿಂತೆ.

ಎಬೆಯ ಕಡೆ. ಕೆರೆಯ ಕಡೆ. ಸೆಲೆಯ ಹೆಚ್ಚಿನ ನೀರೆಲ್ಲ ಮೊದಲಿನಿಂದಲೂ ಪಶ್ಚಿಮಕ್ಕೆ, ಈ ಮನೆಯ ಪಕ್ಕದಿಂದ ಕೆರೆಗೆ ಹೋಗುತ್ತಿತ್ತು. ರಸ್ತೆಯ ಕಡೆ ಹೋಗುತ್ತಿದ್ದುದು ಅದರಿಂದ ಕವಲೊಡೆದ ಒಂದು ಕೈ ಮಾತ್ರ. ನಾನು ಆ ಕೈಯನ್ನು ಕಟ್ಟಿದ್ದೆ. ಈಗ ಅದೂ ಇಲ್ಲಿಗೇ ಬರುತ್ತಿತ್ತು. ಕೆರೆಯವರ ಅಜ್ಜಿ ಕೆರೆ, ನದಿಯವರ ಅಜ್ಜಿ ನದಿ. ಇದು ಮಕ್ಕಳಿಗೂ ಗೊತ್ತಿರುವ ಸಂಗತಿ. ಹೊರಗಿನಿಂದ ಬಂದ ಯಾರಾದರೂ ಆಗಿದ್ದರೆ "ಎಬೆ ಅಂದರೆ ಯಾವುದು?" ಎಂದು ಕೇಳುತ್ತಿದ್ದರು. ನಾನು ಕೇಳಲಿಲ್ಲ, ಏಕೆಂದರೆ ಅದು ನನ್ನ ಮಾತೃಭಾಷೆ.

"ಏನಾಯ್ತು?" ಬರ್ಬಾರಾ ಕೇಳಿದಳು.

"ಏನಿಲ್ಲ."

ಹೇಳಲಿಲ್ಲ. ಹೇಳಿದ್ದರೂ ಆಗುವುದೇನೂ ಇರಲಿಲ್ಲ. ಪೂರ್ವದ ಗೋಡೆ ಕರಗಲು ಜೂನ್‌ವರೆಗೆ ಕಾಯಬೇಕು. ಹಾಗೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವೆಂದರೆ, ಬಾಣಂತಿಯ ಮುಂದೆ ಆ ಮಾತು ಬಾಯಿಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಹೊಸ್ತಿಲು ಎರಡು ಬೆರಳು ಏರಿತ್ತು. ಮೇಜಿನ ಮೇಲಿಟ್ಟ ಲೋಟ ತಾನಾಗಿ ಅಂಚಿಗೆ ಸರಿಯಿತು. ಗಂಡಸರು ಹಸುಗಳನ್ನು ಬೇರೆ ಕೊಟ್ಟಿಗೆಗೆ ಹೊಡೆದುಕೊಂಡು ಹೋದರು. ಹನ್ನೊಂದು ಗಂಟೆಗೆ ಹೆಂಗಸರು ಬಂದರು. ಲುಕೇರಿಯಾ, ಮೇಷ್ಟರ ಹೆಂಡತಿ, ಇನ್ನು ನಾಲ್ಕೈದು ಮಂದಿ. ಬಾಗಿಲು ಅರ್ಧವೇ ತೆರೆಯುತ್ತಿದ್ದುದರಿಂದ ಒಬ್ಬೊಬ್ಬರೇ ಅಡ್ಡಡ್ಡ ನುಸುಳಿದರು. ಒಬ್ಬಳು ಸಿಕ್ಕಿಕೊಂಡಾಗ ಹೊರಗಿನಿಂದ ತಳ್ಳಿದರು. ಯಾರೂ ನೆಲದ ಮಾತೆತ್ತಲಿಲ್ಲ.

ಇಂಥ ದಿನಗಳಲ್ಲಿ ನಾನು ಏನಾದರೂ ಅಳೆಯುವ ನೆಪ ಮಾಡಿ ಹೊರಗಿರುತ್ತಿದ್ದೆ. ಮೂರು ಸಲ ಬಸಿರಾಗಿ ಮೂರು ಸಲವೂ ಕಳೆದುಕೊಂಡವಳು ಹೆರಿಗೆ ಮನೆಯಲ್ಲಿ ನಗುವುದು ಹೇಗೆ? ಅಂದು ಯಾರು ತುಂಬ ನಗುತ್ತಾರೋ, ಯಾರಿಗೆ ನಗು ನಿಲ್ಲಿಸಲು ಆಗುವುದಿಲ್ಲವೋ, ಅಯೀಸಿತ್ ಮುಂದೆ ಅವರ ಮನೆಗೆ ಹೋಗುತ್ತಾಳೆ ಎನ್ನುತ್ತಾರೆ. ನಾನು ಕೋಟಿಗೆ ಕೈ ಹಾಕಿದಾಗ ಬರ್ಬಾರಾ ತೋಳು ಹಿಡಿದಳು.

"ಎಲ್ಲಿಗೆ?"

"ತೂತು ನೋಡಿ ಬರ್ತೀನಿ."

"ತೂತು ಎಲ್ಲೂ ಓಡಿಹೋಗಲ್ಲ. ಕೂತ್ಕೋ."

"ಅಕುಲಿನಾ ನಗ್ತಾಳಾ?" ಎಂದಳು ಮೇಷ್ಟರ ಹೆಂಡತಿ. "ಅವಳ ನಗು ಇರೋದೇ ಮೂರು ಮೀಟರ್ ಕೆಳಗೆ. ಕೊರಕ ತನ್ನಿ."

ಕೂತೆ. ಬರ್ಬಾರಾ ಒಲೆಗೆ ಬೆಣ್ಣೆ ಹಾಕಿದಳು, ಬೆಂಕಿ ಭುಗಿಲೆಂದಿತು. ಬೆಣ್ಣೆಯಲ್ಲಿ ಬೇಯಿಸಿದ ಹಿಟ್ಟಿನ ಗಂಜಿಯನ್ನು ಎಲ್ಲರಿಗೂ ಬಡಿಸಿದರು. ಬೆಣ್ಣೆ ಮೆತ್ತಿದ ಬೆರಳಿನಿಂದ ಒಬ್ಬರ ಕೆನ್ನೆಗೆ ಒಬ್ಬರು ಬಳಿದರು. ತೊಗಟೆಯಲ್ಲಿ ಕತ್ತರಿಸಿದ ಪುಟ್ಟ ಕುದುರೆಗೆ ಪುಟ್ಟ ಬಿಲ್ಲಿನಿಂದ ಬಾಣ ಬಿಟ್ಟರು. ಲುಕೇರಿಯಾಳ ಬಾಣ ಕುದುರೆಗೆ ಬೀಳದೆ ಮೇಷ್ಟರ ಹೆಂಡತಿಯ ಗಂಜಿಯಲ್ಲಿ ಬಿತ್ತು.

"ನೋಡಿ, ನಮ್ಮ ನರ್ಸು ಸೂಜಿ ಚುಚ್ಚೋದೂ ಹೀಗೇ," ಎಂದಳು ಅವಳು.

ಮೊದಲು ಎಲ್ಲರೂ ಬೇಕೆಂದೇ ನಕ್ಕರು, ಪದ್ಧತಿಗೆ. ಹಹ್ಹ, ಹಹ್ಹ ಎಂದು ಬಾಯಿ ತೆರೆದು. ಆಮೇಲೆ ಅದು ನಿಜವಾಯಿತು. ಮಂಚದಲ್ಲಿ ಒಗ್ದೊ ಹೊಟ್ಟೆ ಹಿಡಿದುಕೊಂಡು, "ಬೇಡ, ನೋಯತ್ತೆ, ಬೇಡ," ಎನ್ನುತ್ತಾ ನಗುತ್ತಿದ್ದಳು. ನಾನು ಮೇಜಿನ ಕಾಲಿನ ಪಕ್ಕ ನೋಡಿದೆ. ಎರಡು ಹಲಗೆಗಳ ನಡುವಿನ ಗೆರೆ ಕಪ್ಪಗಾಗಿತ್ತು, ಒದ್ದೆ. ಆ ಗೆರೆ ನಿಧಾನಕ್ಕೆ ಉದ್ದವಾಗುತ್ತಿತ್ತು, ಯಾರೋ ಅಳತೆಪಟ್ಟಿ ಇಟ್ಟು ಎಳೆದಂತೆ ನೇರವಾಗಿ. ಆಗ ನನಗೆ ನಗು ಬಂತು. ತಡೆಯಲು ತುಟಿ ಕಚ್ಚಿದೆ, ಆಗಲಿಲ್ಲ. ಆಗಸ್ಟ್ ನೆನಪಾಯಿತು, ಹೊಗಳಿಕೆ ನೆನಪಾಯಿತು, ಪದಕ ನೆನಪಾಯಿತು. ಕಣ್ಣಲ್ಲಿ ನೀರು ಸುರಿಯುವಷ್ಟು, ಉಸಿರು ಸಿಗದಷ್ಟು ನಕ್ಕೆ. ಉಳಿದವರ ನಗು ಒಂದೊಂದಾಗಿ ನಿಂತಿತು. ನನ್ನದು ನಿಲ್ಲಲಿಲ್ಲ.

"ಅಯೀಸಿತ್ ಕೈಗೆ ಸಿಕ್ಕಿದಳು," ಎಂದಳು ಯಾರೋ ಮೆಲ್ಲಗೆ, ಪ್ರೀತಿಯಿಂದ. ಬರ್ಬಾರಾ ನನ್ನ ಬೆನ್ನು ಸವರುತ್ತಿದ್ದಳು. ಅವಳೂ ಆ ಕಪ್ಪು ಗೆರೆಯನ್ನು ನೋಡುತ್ತಿದ್ದಳು.

"ಹೋಗಿ ಬಾ ತಾಯಿ," ಎಂದು ಅವಳು ಬಾಗಿಲಿನ ಕಡೆ ಕೈ ಮಾಡಿದಳು. "ಮುಗೀತು. ಈಗ ಎತ್ತಿ ಇವರನ್ನ."

ಒಗ್ದೊಳನ್ನು ಕುದುರೆ ಚರ್ಮದಲ್ಲಿ ಸುತ್ತಿ ಜಾರುಬಂಡಿಯಲ್ಲಿ ಮಲಗಿಸಿದರು. ಮಗುವನ್ನು ಲುಕೇರಿಯಾ ತನ್ನ ಕೋಟಿನೊಳಗೆ, ಬರಿ ಮೈಗೆ ಕಟ್ಟಿಕೊಂಡಳು. ನಾನೂರು ಹೆಜ್ಜೆ. ಮಗು ಒಮ್ಮೆಯೂ ಅಳಲಿಲ್ಲ. ನಮಗೆ ಅದೇ ಭಯವಾಗಿತ್ತು. ಲುಕೇರಿಯಾಳ ಮನೆಯಲ್ಲಿ ಕೋಟು ಬಿಚ್ಚಿದಾಗ ಅದು ನಿದ್ದೆ ಮಾಡುತ್ತಿತ್ತು.

ನಾನು ಹಿಂದಿರುಗಿ ಬಂದಾಗ ನೀರು ಪಾದ ಮುಳುಗುವಷ್ಟಿತ್ತು. ಮೀತೆರೆ ಪೆಟ್ಟಿಗೆ, ಹಾಸಿಗೆ, ಹೊಲಿಗೆ ಯಂತ್ರ ಹೊರಗೆ ಸಾಗಿಸುತ್ತಿದ್ದ. ನೀರು ಅವಸರ ಮಾಡಲಿಲ್ಲ. ತಿಳಿಯಾಗಿ, ಸದ್ದಿಲ್ಲದೆ, ಪರಿಚಯದವರ ಮನೆಗೆ ಬಂದಂತೆ ಬಂತು. ಒಲೆಯ ಬಾಯಿ ಮುಟ್ಟಿದಾಗ ಒಮ್ಮೆ ಬುಸ್ಸೆಂದಿತು, ಅಷ್ಟೇ. ಬರ್ಬಾರಾ ಬಾಗಿಲಲ್ಲಿ ನಿಂತು ಬೆಂಕಿ ಆರುವುದನ್ನು ಪೂರ್ತಿ ನೋಡಿದಳು. ಅದು ಅವಳ ಅತ್ತೆ ಹಚ್ಚಿ, ಅಂದಿನಿಂದ ಆರದೆ ಉರಿದ ಬೆಂಕಿ ಎನ್ನುತ್ತಿದ್ದರು. ಕೆಂಡವನ್ನಾದರೂ ಒಂದು ಮಡಕೆಯಲ್ಲಿ ತೆಗೆದಿಟ್ಟುಕೊಳ್ಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಾನು ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ ಗಂಟೆ ಬರೆದೆ. ಬೇರೇನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ.

ನೀರು ಬಂದ ನಾಲ್ಕನೆಯ ದಿನಕ್ಕೆ ಮನೆಯ ತುಂಬ ಗಡ್ಡೆ ಕಟ್ಟಿತ್ತು. ಪಶ್ಚಿಮದ ಕಿಟಕಿ ಒಡೆದು ನೀಲಿ ಗಡ್ಡೆ ಹೊರಗೆ ನಾಲಿಗೆ ಚಾಚಿತ್ತು, ಕೆರೆಯ ಕಡೆಗೆ. ನೋಡಲು ಪಕ್ಕದ ಹಳ್ಳಿಯವರೂ ಬಂದರು. ನನ್ನ ಕೇಂದ್ರದಿಂದ ತಂತಿ ಬಂತು: ವಿವರವಾಗಿ ಚಿತ್ರ ತೆಗೆಯಿರಿ, ಅಪರೂಪದ ಉದಾಹರಣೆ.

ಚಿತ್ರ ತೆಗೆದೆ. ಅಂದು ಮಧ್ಯಾಹ್ನ ಲುಕೇರಿಯಾಳ ಮನೆಯಲ್ಲಿ ಬರ್ಬಾರಾ ಒಬ್ಬಳೇ ಎಚ್ಚರವಾಗಿದ್ದಳು. ಒಗ್ದೊ, ಮಗು ಮಲಗಿದ್ದರು. ಬರ್ಬಾರಾ ಚೀಲದಿಂದ ಗಡ್ಡೆಯ ತುಂಡುಗಳನ್ನು ತೆಗೆದು ಕೆಟಲಿಗೆ ಹಾಕುತ್ತಿದ್ದಳು.

"ಕೆರೆಯಿಂದ ತಂದ್ರಾ?" ಎಂದೆ.

"ನನ್ನ ಕಿಟಕಿಯಿಂದ. ಅಷ್ಟು ದೂರ ಯಾಕೆ ಹೋಗಬೇಕು?"

ನಾನು ಅವಳೆದುರು ಕೂತೆ.

"ಬರ್ಬಾರಾ ಎಜೀ, ಆಗಸ್ಟಲ್ಲಿ ನಾನು ನಿಮ್ಮನ್ನ ಒಂದು ಮಾತು ಕೇಳಿದ್ದೆ."

"ಹೂಂ. ನಿಮ್ಮೂರಲ್ಲಿ ಎಬೆ ಅಂದ್ರೆ ನದಿ ಅಲ್ವಾ?"

ನಾನು ತಲೆಯಾಡಿಸಿದೆ.

"ಕಿಟಕಿ ಹತ್ರ ನಿಂತಾಗಲೇ ಗೊತ್ತಾಯ್ತು. ನಿನ್ನ ಮುಖ ನೋಡಿ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಮರುದಿನ ನಗ್ತಿದ್ಯಾ?" ಅವಳು ಕೆಟಲಿನ ಮುಚ್ಚಳ ಸರಿಮಾಡಿದಳು. "ನೀನೂ ಹೇಳಲಿಲ್ಲವಲ್ಲ."

ನೀರು ಕುದಿಯತೊಡಗಿತು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಏನಾದರೂ ಹಿಡಿದುಕೊಳ್ಳಲು ಸಿಗುತ್ತಿತ್ತು. ಒಳಗಿನಿಂದ ಮಗು ಒಮ್ಮೆ ಕುಸುಗುಟ್ಟಿ ಸುಮ್ಮನಾಯಿತು. ಅವಳು ಚಹಾ ಬಗ್ಗಿಸಿ, ಹಾಲು ಹಾಕಿ, ಲೋಟವನ್ನು ನನ್ನ ಕಡೆ ನೂಕಿದಳು.

"ಕುಡಿ. ನೀನೇ ತಂದ ನೀರು."

ಕುಡಿದೆ. ತುಂಬ ಸಿಹಿಯಾದ ನೀರು, ಕೊನೆಯಲ್ಲಿ ಸ್ವಲ್ಪ ಮಾತ್ರ ಒಲೆಯ ಮಸಿಯ ರುಚಿ. ಲೋಟ ಖಾಲಿಯಾಗುವವರೆಗೂ ಬರ್ಬಾರಾ ನೋಡುತ್ತಿದ್ದಳು. ಆಮೇಲೆ ನನ್ನನ್ನು ಕೇಳದೆ ಮತ್ತೆ ತುಂಬಿದಳು.